ಮೂಗುಗೊಳಲಿನ ತಕರಾರು

ಕಾವಿಕಾ ಆ ತಿಂಗಳಲ್ಲಿ ಮೂರನೆಯ ಸಲ ಮೂಗಿನಿಂದ ಊದುವ ಅದೇ ಮೂಗುಗೊಳಲನ್ನು ಹಿಡಿದು, ವಾದ್ಯ ತಯಾರಿಸುವ ಮೋಕಿಹಾನಾಳ ಕಾರ್ಯಾಗಾರದ ಮೆಟ್ಟಿಲು ಹತ್ತಿದ. ಮೊಲೊಕಾಯಿ ದ್ವೀಪದ ಬಂದರಿನಲ್ಲಿ ಮೂವತ್ತು ವರ್ಷ ದೋಣಿಯ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಮೊದಲ ಸಲ ದನಿ ಸಣ್ಣದೆಂದು ದೂರಿದ್ದ. ಎರಡನೆಯ ಸಲ ತೂತು ಓರೆಯೆಂದಿದ್ದ. ಎರಡು ಸಲವೂ ಮೋಕಿಹಾನಾ ಗೊಣಗದೆ ಬಿದಿರನ್ನು ಉಜ್ಜಿ, ಊದಿ ನೋಡಿ ಕೊಟ್ಟಿದ್ದಳು.

ಜಗಲಿಯಲ್ಲಿ ಅವಳ ತಾಯಿ, ಊರೆಲ್ಲ ಟೂಟೂ, ಅಂದರೆ ಅಜ್ಜಿ, ಎಂದು ಕರೆಯುವ ಎಂಬತ್ತಾರರ ಮುದುಕಿ, ಸೋರೆಬುರುಡೆಯ ಗಿಲಕಿಗೆ ಕೆಂಪು ಗರಿ ಹೊಲಿಯುತ್ತಿದ್ದಳು. ಅವಳಿಗೆ ಕಿವಿ ಮಂದವೆಂದು ಎಲ್ಲರೂ ನಂಬಿದ್ದರು.

ಒಳಗೆ ಮೋಕಿಹಾನಾ ನೆನೆಸಿದ ಶಾರ್ಕ್ ಮೀನಿನ ತೊಗಲನ್ನು ಡೋಲಿನ ಬಾಯಿಗೆ ಹಗ್ಗದಿಂದ ಬಿಗಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ಇವತ್ತೇನು ತಕರಾರು?"

"ಬಲಹೊಳ್ಳೆಗೆ ಒಗ್ತಾ ಇಲ್ಲ. ಫುಟ್‌ಬಾಲ್ ಆಡುವಾಗ ಮುರಿದ ಮೂಗು ನೋಡಿ."

"ಹಾಗಾದ್ರೆ ಎಡಗಡೆಯಿಂದ ಊದಿ. ದೇವರು ಎರಡು ಕೊಟ್ಟಿದ್ದಾನಲ್ಲ."

ಊದದೆ ಗತ್ಯಂತರವಿರಲಿಲ್ಲ. ತಿಂಗಳೆಲ್ಲ ದೋಣಿಮನೆಯಲ್ಲಿ ಒಬ್ಬನೇ ಕೂತು ಕಲಿತದ್ದು ಒಂದೇ ರಾಗ. ಅವನ ಅಜ್ಜ ಹುಡುಗನಾಗಿದ್ದಾಗ ಅಜ್ಜಿಯನ್ನು ಒಲಿಸಿಕೊಳ್ಳಲು ಅವಳ ಮನೆಯ ಬೇಲಿಯಾಚೆ ನಿಂತು ಊದುತ್ತಿದ್ದದ್ದು. ಅದನ್ನೇ ಊದಿದ; ಒಂದು ಸ್ವರವೂ ತಪ್ಪಲಿಲ್ಲ. ಹಗ್ಗದ ಮೇಲೆ ಮೋಕಿಹಾನಾಳ ಕೈ ನಿಂತಿತು. ಅಂಥ ರಾಗ ಯಾತಕ್ಕೆ ಊದುವುದೆಂದು ಆ ದ್ವೀಪದಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಇದರಲ್ಲೇನು ದೋಷ ಇದೆ?" ಎಂದಳು.

ಕಾವಿಕಾನ ಕಿವಿ ಕೆಂಪಾಯಿತು. ಕೊಳಲನ್ನು ತಿರುಗಾಮುರುಗಾ ಮಾಡಿ ನೋಡಿದ.

ಜಗಲಿಯಿಂದ ಟೂಟೂ ಹೇಳಿದಳು: "ಕೊಳಲಿಗೇನೂ ಆಗಿಲ್ಲ ಕಣೇ. ಕಾಯಿಲೆ ಇರೋದು ಊದೋನಿಗೆ. ನಂಗೆ ಮೊದಲ ದಿನವೇ ಗೊತ್ತಾಯ್ತು, ನಿಂಗೊಬ್ಬಳಿಗೆ ಗೊತ್ತಾಗಲಿಲ್ಲ."

"ನಂಗೂ ಗೊತ್ತಿತ್ತಮ್ಮ. ಬಾಯಿ ಬಿಡ್ತಾರೋ ಇಲ್ವೋ ನೋಡೋಣ ಅಂತಿದ್ದೆ."

ಇನ್ನು ಬಚ್ಚಿಡುವುದು ಏನೂ ಉಳಿದಿರಲಿಲ್ಲ. ಭಾನುವಾರ ತನ್ನ ಅಣ್ಣನ ಮೊಮ್ಮಗಳ ಮೊದಲ ಹುಟ್ಟುಹಬ್ಬ, ಹಂದಿ ಸುಡುತ್ತಾರೆ, ಊರೆಲ್ಲ ಬರುತ್ತದೆ ಎಂದು ಕಾವಿಕಾ ನೆಲ ನೋಡುತ್ತಲೇ ಹೇಳಿದ. ಆಮೇಲೆ ಮುಖ ಎತ್ತಿದ.

"ಎಲ್ಲರೂ ನೋಡೋ ಹಾಗೆ ನನ್ನ ಜೊತೆ ಬರ್ತೀರಾ?"

ಮೋಕಿಹಾನಾ ನಕ್ಕಳು. ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ಅವನು ಕಂಡೇ ಇರಲಿಲ್ಲ.

"ಬರ್ತೀನಿ. ಈಗ ಆ ಹಗ್ಗದ ತುದಿ ಹಿಡ್ಕೋ. ನೀನು ಹೀಗೇ ನಿಂತ್ರೆ ತೊಗಲು ಒಣಗಿಹೋಗುತ್ತೆ."

ಅವನು ದೋಣಿಯ ಎಂಜಿನ್ ಶುರುಮಾಡುವ ಹಗ್ಗ ಜಗ್ಗುವವನಂತೆ ಜೋರಾಗಿ ಎಳೆದ. ಬೈಸಿಕೊಂಡ. ಮತ್ತೆ ಮೆಲ್ಲಗೆ ಎಳೆದ. ಹೊರಗೆ ಟೂಟೂ ಗರಿ ಕೆಳಗಿಟ್ಟು, ಭಾನುವಾರ ತಾನು ಯಾವ ಹೂವಿನ ಹಾರ ಹಾಕಿಕೊಳ್ಳಲಿ ಎಂದು ಆಗಲೇ ವಿಚಾರಿಸುತ್ತಿದ್ದಳು. ಅವಳನ್ನು ಇನ್ನೂ ಯಾರೂ ಕರೆದಿರಲಿಲ್ಲ.