ಚೌಕಟ್ಟಿನ ಮೇಲಿನ ಗೀಟು

ಮೊಮ್ಮಗಳು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಹಿಮ್ಮಡಿ ಒತ್ತಿ ನಿಂತಳು. ಪ್ರತಿ ವರ್ಷ ಅವಳ ಹುಟ್ಟುಹಬ್ಬದ ದಿನ ತಲೆಯ ಮೇಲೆ ಸ್ಕೇಲು ಇಟ್ಟು ಅಜ್ಜಿ ಪೆನ್ಸಿಲ್ಲಿನಲ್ಲಿ ಗೀಟೆಳೆಯುವುದು ಆ ಮನೆಯ ಪದ್ಧತಿ. ಈ ಸಲದ ಗೀಟು ಹೋದ ವರ್ಷದ್ದಕ್ಕಿಂತ ಎರಡು ಬೆರಳು ಮೇಲೆ ಬಿತ್ತು.

"ನೋಡಮ್ಮ, ಹೇಗೆ ಬೆಳೆದಿದಾಳೆ! ಸೊರಗಿದಾಳೆ ಸೊರಗಿದಾಳೆ ಅಂತ ಒಂದೇ ರಾಗ ನಿಂದು," ಎಂದು ಹುಡುಗಿಯ ಅಮ್ಮ ತನ್ನ ತಾಯಿಯನ್ನು ಛೇಡಿಸಿ ಆಫೀಸಿಗೆ ಹೊರಟಳು.

ಅಜ್ಜಿಗೆ ಸಮಾಧಾನವಾಗಬೇಕಿತ್ತು. ಆದರೆ ಶಾಲೆಗೆ ರಜೆಯಿದ್ದುದರಿಂದ ಹುಡುಗಿಗೆ ಹೋದ ವರ್ಷದ ಅಂಗಿ ತೊಡಿಸಿ ನೋಡಿದರೆ, ತೋಳು ಆಗಿನಂತೆಯೇ ಮಣಿಕಟ್ಟಿಗೆ ಸರಿಯಾಗಿ ಕೂತಿತು. ಗೀಟು ಮೇಲೆ ಹೋಗಿದೆ, ಕೈ ಉದ್ದವಾಗಿಲ್ಲ. ಹನ್ನೆರಡು ತುಂಬಿದ ಹುಡುಗಿಗೆ ಇದೆಂಥ ಬೆಳವಣಿಗೆ? ಅಜ್ಜಿಯ ತಲೆಗೆ ಹುಳ ಹೊಕ್ಕಿತು.

ಚೌಕಟ್ಟಿನಲ್ಲಿ ಅಜ್ಜಿಯದೂ ಒಂದು ಗೀಟಿತ್ತು, ಹೋದ ವರ್ಷ ಮೊಮ್ಮಗಳು ತಮಾಷೆಗೆ ಎಳೆದದ್ದು.

"ಪುಟ್ಟಿ, ನನ್ನನ್ನೂ ಅಳೆದು ನೋಡು."

ಮೊಮ್ಮಗಳು ಕಿಸಕ್ಕನೆ ನಕ್ಕಳು. "ಅಜ್ಜೀ, ನೀನೂ ಬೆಳೆದಿದೀಯ! ನನ್ನ ಹಾಗೇ ಎರಡು ಬೆರಳು!"

"ಈ ವಯಸ್ಸಲ್ಲಾ? ಇನ್ನು ಹಾಲುಹಲ್ಲು ಬರೋದೊಂದು ಬಾಕಿ."

ನಗುತ್ತಲೇ ಅಜ್ಜಿ ಕಾಲಡಿ ನೋಡಿದಳು. ಹೋದ ತಿಂಗಳು ಹಳೆಯ ನೆಲ ಅಗೆಯದೆ ಅದರ ಮೇಲೆಯೇ ಟೈಲ್ಸ್ ಹಾಕಿಸಿದ್ದರು. ಬಾಗಿಲು ತಾಗುತ್ತದೆಂದು ಬಡಗಿ ಬುಡ ಕುಯ್ದುಕೊಟ್ಟಿದ್ದ. ಮೇಲೆ ಬಂದದ್ದು ನೆಲ. ಹುಡುಗಿ ಇದ್ದಷ್ಟೇ ಇದ್ದಳು.

ಅಜ್ಜಿ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು. "ಸ್ಕೂಲಿಂದ ಡಬ್ಬಿ ದಿನಾ ಖಾಲಿ ಬರತ್ತೆ. ಒಳಗಿನ ಊಟ ಎಲ್ಲಿಗೆ ಹೋಗತ್ತೆ ಪುಟ್ಟಿ?"

ಹುಡುಗಿ ಅಂಗಿಯ ಗುಂಡಿ ತಿರುವುತ್ತ ಕೂತಳು. "ಬಸ್ ಸ್ಟಾಪಲ್ಲಿ ನಾಯಿಗೆ ಹಾಕ್ತೀನಿ. ನಮ್ಮ ಗುಂಪಲ್ಲಿ ಯಾರೂ ತಿನ್ನಲ್ಲಜ್ಜಿ. ತಿಂದವಳನ್ನ ಡುಮ್ಮಿ ಅಂತಾರೆ."

"ಒಬ್ಬಳೂ ತಿನ್ನಲ್ವಾ?" ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕಿ ಬೆಳೆದ ಅಜ್ಜಿಗೆ ಇದು ಬೇರೆ ಲೋಕದ ಮಾತು. "ಹಸಿವಾಗಲ್ವೇನೇ?"

"ಮೊದಮೊದಲು ಆಗ್ತಿತ್ತು."

ಅಜ್ಜಿ ತಕ್ಷಣ ಮಗಳಿಗೆ ಫೋನ್ ಮಾಡಿದಳು. "ಅರ್ಧ ದಿನ ರಜೆ ಹಾಕಿ ಬಾ. ಪುಟ್ಟಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು."

"ಯಾಕಮ್ಮ? ಬೆಳೆದಿದಾಳಲ್ಲ!"

"ಬೆಳೆದಿದ್ದು ನೆಲ ಕಣೆ. ಬಾ, ಹೇಳ್ತೀನಿ."

ಹುಡುಗಿ ಹೊಸ ಗೀಟನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. "ಅಮ್ಮ ಬೈತಾಳಾ?"

"ಬೈದ್ರೆ ಇಬ್ಬರಿಗೂ ಸೇರಿಸಿ ಬೈಲಿ. ತಪ್ಪಾಗಿ ಅಳೆದೋಳು ನಾನು ತಾನೆ? ಅದಿರಲಿ, ಆ ನಾಯಿ ದಪ್ಪಗಾಗಿದ್ಯಾ?"

ಕಣ್ಣು ಒರೆಸಿಕೊಳ್ಳುತ್ತಲೇ ಹುಡುಗಿಗೆ ನಗು ಬಂತು. "ಎದ್ದು ನಿಲ್ಲೋಕೂ ಸೋಮಾರಿತನ ಅದಕ್ಕೆ."