ಒದೆಯದ ಕೋವಿ

ಗುಂಡು ಹಾರಿದ ಮೇಲೆ ಟ್ವೈಲಾ ಸ್ಟೆನ್ಸ್‌ರುಡ್‌ಳ ಗಮನ ಮೊದಲು ಹೋದದ್ದು ಎದುರಿನ ಇಳಿಜಾರಿನ ಕಡೆಗಲ್ಲ, ತನ್ನ ಭುಜದ ಕಡೆಗೆ. ನೋಯಲಿಲ್ಲ. ಅರವತ್ತು ದಾಟಿದ, ಹೋದ ವರ್ಷವಷ್ಟೇ ಕೊಯ್ದು ಹೊಲಿದ ಭುಜ ಅದು. ಎಲ್ಕ್‌ನಂಥ ಭಾರಿ ಜಿಂಕೆ ಹೊಡೆಯುವ ಕೋವಿಯ ಒದೆ ತಿಂದೂ ಅದು ಸುಮ್ಮನಿತ್ತು. ಖುಷಿಪಡಬೇಕಾದ ಸಂಗತಿಯೇ. ಆದರೆ ಟ್ವೈಲಾಳಿಗೆ ಖುಷಿಯಾಗಲಿಲ್ಲ.

ಕಣಿವೆಯ ಆಚೆ, ಐನೂರು ಗಜ ದೂರದಲ್ಲಿ, ಗಂಡು ಎಲ್ಕ್ ತಲೆಯೆತ್ತಿ ನೋಡಿತು. ನೊಣ ಕಚ್ಚಿದಂತೆ ಮೈ ಕೊಡವಿ, ಯಾರಿಗೂ ಹೆದರದ ಗತ್ತಿನಲ್ಲಿ ಪೈನ್ ಮರಗಳ ಒಳಗೆ ನಡೆದುಹೋಯಿತು.

“ತಾಗ್ತಾ?” ಎಂದು ಕೇಳಿದಳು.

ಪಕ್ಕದಲ್ಲಿ ಬೋರಲು ಮಲಗಿ ದುರ್ಬೀನು ಹಿಡಿದಿದ್ದ ಗಂಡ ಡೆಲ್ಮರ್ ಕಣ್ಣು ತೆಗೆಯದೆ, “ಗೊತ್ತಾಗ್ಲಿಲ್ಲ,” ಎಂದ.

ಗೊತ್ತಾಗಲಿಲ್ಲವಂತೆ! ಗುಂಡು ಎಷ್ಟನೇ ಪಕ್ಕೆಲುಬಿಗೆ ಹೊಕ್ಕಿತು ಎಂದು ಬೆಟ್ಟದ ಈಚೆ ಕೂತೇ ಹೇಳುವ ಮನುಷ್ಯ. ಕೇಳದಿದ್ದರೂ ಹೇಳುವ ಮನುಷ್ಯ. ಟ್ವೈಲಾ ಅವನ ಮುಖ ನೋಡಿದಳು. ಅವನು ಆಗಲೇ ಎದ್ದು ಬಟ್ಟೆಯ ಮೇಲಿನ ಹಿಮ ಕೊಡವುತ್ತಿದ್ದ.

“ನೀನಿಲ್ಲೇ ಇರು. ಈ ಕಣಿವೆ ಇಳಿದು ಹತ್ತೋದು ನಿನಗ್ಯಾಕೆ? ನಾನು ಹೋಗಿ ನೋಡ್ಕೊಂಡು ಬರ್ತೀನಿ.”

“ಹೊಡೆದೋಳು ನಾನು. ನಾನೇ ನೋಡ್ತೀನಿ.”

“ಹಾಗಾದ್ರೆ ಕೋವಿನಾದ್ರೂ ಕೊಡು, ಹೊತ್ಕೋತೀನಿ.”

“ಯಾಕೆ, ಅದಕ್ಕೇನಾಗಿದೆ?”

“ಅಯ್ಯೋ ಮಾರಾಯ್ತಿ, ಏನೂ ಆಗಿಲ್ಲ!”

ಅವಳು ಕೊಡಲಿಲ್ಲ.

ಈ ಕಣಿವೆಯಲ್ಲಿ ಗಂಡು ಎಲ್ಕ್ ಹೊಡೆಯಲು ಸರ್ಕಾರ ಚೀಟಿ ಎತ್ತಿ ಪರವಾನಗಿ ಕೊಡುತ್ತದೆ. ಟ್ವೈಲಾಳ ಹೆಸರು ಬರುವುದರೊಳಗೆ ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆದರೆ ಈಗ ಅವಳನ್ನು ಕಾಡುತ್ತಿದ್ದದ್ದು ಪರವಾನಗಿಯ ಚಿಂತೆಯಲ್ಲ. ಮದುವೆಯಾದಾಗಿನಿಂದ ಅವಳ ತೋಟಾಗಳನ್ನು ತುಂಬುವವನು ಡೆಲ್ಮರನೇ. ಅಂಗಡಿಯ ತೋಟಾ ಎಂದರೆ ಅವನಿಗೆ ಅಂಗಡಿಯ ಬ್ರೆಡ್ಡಿನಷ್ಟೇ ತಾತ್ಸಾರ. ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಕೂತು, ಮದ್ದನ್ನು ಕಾಳುಕಾಳಾಗಿ ತೂಗಿ ಹಿತ್ತಾಳೆಯ ಚಿಪ್ಪಿಗೆ ಸುರಿದು, ಬಾಯಿಗೆ ಗುಂಡು ಕೂರಿಸಿ ಕೊಡುತ್ತಿದ್ದ. ಅದರೊಳಗೆ ಏನಿದೆ ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಗಂಡನ ಕೈಯನ್ನೇ ನಂಬದಿದ್ದರೆ ಇನ್ನಾರನ್ನು ನಂಬುವುದು?

ಕಣಿವೆ ಇಳಿಯುತ್ತ ಒಂದೊಂದೇ ನೆನಪಾಗತೊಡಗಿತು. ಬೇಸಿಗೆಯಲ್ಲಿ ಗುರಿ ಅಭ್ಯಾಸ ಮಾಡುವಾಗ ಪಕ್ಕದ ಮನೆಯ ಬಾಯ್ಡ್, “ಟ್ವೈಲಾ, ನಿನ್ನ ಕೋವಿಗೆ ನೆಗಡಿನಾ? ಬರೀ ಸೀನ್ತಾ ಇದೆಯಲ್ಲ!” ಎಂದು ಗೇಲಿ ಮಾಡಿದ್ದ. ಡೆಲ್ಮರ್ ಬೇಕಾದ್ದಕ್ಕಿಂತ ಜೋರಾಗಿ ನಕ್ಕು, ಹುಲ್ಲಿನ ಬೆಲೆಯ ಮಾತು ತೆಗೆದಿದ್ದ. ಕೋವಿಯ ಮೇಲಿನ ದುರ್ಬೀನಿಗೆ ಒಂದು ತಿರುಗುಗುಂಡಿ, ಅದಕ್ಕೆ ಸುತ್ತಿದ ಪಟ್ಟಿಯಲ್ಲಿ ದೂರದ ಗುರುತುಗಳು. ಇನ್ನೂರು ಗಜಕ್ಕೆ ಇಷ್ಟು ತಿರುಗಿಸು, ಐನೂರಕ್ಕೆ ಇಷ್ಟು ಎಂದು. ಆ ಹಳೆಯ ಪಟ್ಟಿ ಕಿತ್ತು ಅವನೇ ಹೊಸದು ಅಂಟಿಸಿದ್ದ. ಇವತ್ತು ಐನೂರಕ್ಕೆ ತಿರುಗಿಸುವಾಗ ಗುಂಡಿ ಹಿಂದಿಗಿಂತ ಬಹಳ ದೂರ ಸುತ್ತಿತ್ತು. ಅಂದರೆ ಗುಂಡು ಹಿಂದಿಗಿಂತ ಬೇಗ ಕೆಳಗೆ ಬೀಳುತ್ತಿದೆ. ಅಂದರೆ ಅದಕ್ಕೆ ವೇಗವಿಲ್ಲ.

ಯಾಕೆ ಮಾಡಿರಬಹುದು? ಯೋಚಿಸಿದಷ್ಟೂ ಒಂದೇ ಕಾರಣ ಕಂಡಿತು. ಒಂದು ವರ್ಷ ಬೇರೆ ಕಣಿವೆಯಲ್ಲಿ ಡೆಲ್ಮರನ ಗುರಿಗೆ ತಪ್ಪಿಸಿಕೊಂಡ ಎಲ್ಕನ್ನು ಅಲ್ಲೇ ಅವಳು ಕೆಡವಿದ್ದಳು. ಊರಿನ ಬಾರಿನಲ್ಲಿ ಅದರ ಗೇಲಿ ಇನ್ನೂ ಹಳತಾಗಿರಲಿಲ್ಲ. ಅವನೂ ಜೊತೆಗೇ ನಗುತ್ತಿದ್ದ. ಒಳಗೆ ಏನಿತ್ತೋ, ಯಾರು ಕಂಡರು? ಮುಂದೆ ನಡೆಯುತ್ತಿದ್ದ ಅವನ ಅಗಲವಾದ ಬೆನ್ನು ಯಾರೋ ಪರಕೀಯನದು ಎನಿಸಿ ಅವಳಿಗೆ ಕಸಿವಿಸಿಯಾಯಿತು.

ಆಚೆ ದಡ ಹತ್ತಿ ಎಲ್ಕ್ ನಿಂತಿದ್ದ ಜಾಗ ತಲುಪಿದಾಗ ಡೆಲ್ಮರ್ ಅವಳಿಗಿಂತ ಸ್ವಲ್ಪ ಮುಂದಿದ್ದ. ಬಗ್ಗಿದ, ನೋಡಿದ, ನೆಟ್ಟಗೆ ನಿಂತ.

“ಏನೂ ಇಲ್ಲ ಕಣೇ. ತಪ್ಪಿದೆ.”

“ಕಾಲು ತೆಗಿ.”

“ಏನು?”

“ನಿನ್ನ ಬೂಟು ಅಲ್ಲಿಂದ ತೆಗಿ ಅಂದೆ.”

ಅವನು ತೆಗೆದ. ಹಿಮದಲ್ಲಿ ತುಳಿದು ಹೂತ ನಾಲ್ಕು ಕಂದು ಕೂದಲು, ಮೆಣಸಿನ ಬೀಜದಷ್ಟು ರಕ್ತ. ಟ್ವೈಲಾಳಿಗೆ ಹೊಡೆದುಬಿಡುವಷ್ಟು ಸಿಟ್ಟು ಬಂತು.

“ಮದ್ದು ಎಷ್ಟು ಹಾಕಿದೀಯ, ಡೆಲ್ಮರ್?”

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಮದ್ದೇ ಬೇರೆ. ಮೆತ್ತಗಿರೋದು, ಅದೂ ಕಮ್ಮಿ. ಮುನ್ನೂರು ಗಜದವರೆಗೆ ಏನೂ ತೊಂದ್ರೆ ಇಲ್ಲ. ಅದರಾಚೆ ಗುಂಡಿನ ವೇಗ ಸತ್ತೋಗುತ್ತೆ. ಒಳಗೆ ಹೋಗಿ ಅರಳೋದಿಲ್ಲ, ಸೂಜಿ ಚುಚ್ಚಿದ ಹಾಗೆ ಹೋಗುತ್ತೆ.”

“ಹಾಗಾದ್ರೆ ಪಟ್ಟಿ ಮೇಲೆ ಐನೂರು ಅಂತ ಯಾಕೆ ಬರೆದೆ?”

“ಬರೀದೇ ಇದ್ರೆ ನಿನಗೆ ಅನುಮಾನ ಬರ್ತಿತ್ತು.”

“ನಾನು ಗುರಿ ಇಟ್ಟಾಗ ಬಾಯಿ ಬಿಡೋಕೇನಾಗಿತ್ತು?”

“ಬಿಡೋಣ ಅನ್ನೋದ್ರೊಳಗೆ ಹೊಡೆದೇಬಿಟ್ಟೆ. ಈ ಭುಜ ಇಟ್ಕೊಂಡು ಅಷ್ಟು ದೂರ ಹೊಡೀತೀಯ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಕಾಫಿ ಪಾತ್ರೆ ಎತ್ತೋಕೂ ಎಡಗೈನೇ ಬಳಸ್ತೀಯ. ನಾನು ನೋಡಿಲ್ವಾ? ಒದೆ ಕಮ್ಮಿಯಾಗ್ಲಿ ಅಂತ ಹಾಗೆ ತುಂಬಿದೆ.”

ಹೊಟ್ಟೆಕಿಚ್ಚಲ್ಲ, ಕನಿಕರ. ಹೊಟ್ಟೆಕಿಚ್ಚಾಗಿದ್ದರೆ ನಾಲ್ಕು ಮಾತು ಬೈದು ಮರೆಯಬಹುದಿತ್ತು. ಮಗುವಿಗೆ ಆಟದ ಸಾಮಾನು ಕೊಟ್ಟು ಕೂರಿಸಿದ ಹಾಗೆ ತನ್ನ ಕೈಗೆ ಕೋವಿ ಕೊಟ್ಟಿದ್ದಾನೆ ಎಂಬುದು ಅವಳಿಗೆ ನುಂಗಲಾರದ ತುತ್ತಾಯಿತು.

“ನೀನೂ ಕೇಳ್ಲಿಲ್ಲ,” ಎಂದ ಅವನು ಮೆಲ್ಲಗೆ. “ಬೇಸಿಗೆ ಪೂರ್ತಿ ಹೊಡೆದೆ. ನೋವು ಎಲ್ಲಿಗೆ ಹೋಯ್ತು ಅಂತ ಒಂದ್ಸಲ ಕೇಳಿದ್ಯಾ?”

ಟ್ವೈಲಾ ಕೇಳಿರಲಿಲ್ಲ. ನೋಯದೆ ಹೋದದ್ದು ಅವಳಿಗೆ ಹಿತವಾಗಿತ್ತು. ಭುಜ ಗುಣವಾಯಿತು ಎಂದುಕೊಳ್ಳುವುದು ಇನ್ನೂ ಹಿತವಾಗಿತ್ತು. ಆ ಹಿತಕ್ಕಾಗಿ ಅವಳು ಬಾಯ್ಡನ ಗೇಲಿಯನ್ನೂ ಗುಂಡಿಯ ಸುತ್ತನ್ನೂ ಕಂಡೂ ಕಾಣದಂತೆ ಬಿಟ್ಟಿದ್ದಳು. ಇಬ್ಬರ ಈ ಆಟಕ್ಕೆ ಎಲ್ಕ್ ಸಿಕ್ಕಿಬಿದ್ದಿತ್ತು.

“ನಿನ್ನ ತೋಟಾ ಕೊಡು,” ಎಂದಳು. ಇಬ್ಬರ ಕೋವಿಗೂ ಒಂದೇ ಅಳತೆ. ಅವನದರಲ್ಲಿ ಪೂರ್ತಿ ಮದ್ದು.

“ಟ್ವೈಲಾ, ನಾನೇ...”

“ಕೊಡು.”

ಮರಗಳ ನಡುವೆ ಹೆಜ್ಜೆ ಹಿಡಿದು ಹೋದರು. ಉರುಳಿಬಿದ್ದಿದ್ದ ಒಂದು ಮರದ ಮಗ್ಗುಲಲ್ಲಿ ಎಲ್ಕ್ ಮಲಗಿತ್ತು. ತಲೆ ಎತ್ತಿಯೇ ಇತ್ತು, ಉಸಿರು ಗೊರಗುಟ್ಟುತ್ತಿತ್ತು. ಅದು ಅವರನ್ನು ನೋಡಿತು, ಏಳಲು ಹೋಗಿ ಆಗದೆ ಉಳಿಯಿತು. ಟ್ವೈಲಾಳಿಗೆ ನಾಚಿಕೆಯಾಯಿತು. ಹತ್ತಿರದಿಂದ, ಮರಕ್ಕೆ ಒರಗಿ, ಕುತ್ತಿಗೆಗೆ ಗುರಿಯಿಟ್ಟು ಹೊಡೆದಳು.

ಎಲ್ಕ್ ತಲೆ ಚೆಲ್ಲಿತು. ಅವಳ ಭುಜದೊಳಗೆ ಏನೋ ಹರಿದಂತಾಗಿ ಕಣ್ಣು ಕತ್ತಲಿಟ್ಟಿತು. ಕೋವಿ ಹಿಮಕ್ಕೆ ಬಿತ್ತು. ಬಲಗೈ ಎತ್ತಲು ನೋಡಿದಳು, ಬರಲಿಲ್ಲ. ಡೆಲ್ಮರ್ ತಾನು ಹೇಳಿದ್ದೇ ನಿಜವಾಯಿತೆಂಬ ಮುಖ ಮಾಡಲಿಲ್ಲ. ಪುಣ್ಯಾತ್ಮ, ಅಷ್ಟಾದರೂ ತಿಳಿದಿತ್ತು.

ಹೊಡೆದವರು ಬೇಟೆಗೆ ಕಟ್ಟಬೇಕಾದ ಪರವಾನಗಿಯ ಚೀಟಿಯನ್ನು ಅವಳೇ ಎಡಗೈಯಿಂದ ಕೊಂಬಿಗೆ ಕಟ್ಟಿದಳು. ಅವನು ಚರ್ಮ ಸುಲಿದ. ಆಚೆ ಪಕ್ಕೆಯ ಚರ್ಮದಡಿ ಮೊದಲನೇ ಗುಂಡು ಸಿಕ್ಕಿತು, ಹೋದ ಹಾಗೇ ನೆಟ್ಟಗೆ, ಅರಳದ ಮೊಗ್ಗಿನಂತೆ. ಸಿಕ್ಕಿದ ಗುಂಡನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿಡುವುದು ಅವರ ಮನೆಯ ರೂಢಿ. ಇದನ್ನು ಇಬ್ಬರೂ ಜೇಬಿಗೆ ಹಾಕಿಕೊಳ್ಳಲಿಲ್ಲ.

ಮಾಂಸ ಕಡಿದು ದೊಡ್ಡ ತುಂಡುಗಳನ್ನು ಮರಕ್ಕೆ ನೇತುಹಾಕಿದರು. ಅದಕ್ಕೆ ನಾಳೆ ಬಾಯ್ಡನ ಕುದುರೆ ತರಬೇಕು. ಉಳಿದದ್ದನ್ನು ಡೆಲ್ಮರ್ ಇಬ್ಬರ ಬೆನ್ನುಚೀಲಕ್ಕೂ ತುಂಬಿ, ಅವಳದರ ಬಾಯಿ ಬಿಗಿದು ಕೊಟ್ಟ. ಟ್ವೈಲಾ ಎಡಗೈಯಲ್ಲಿ ಎತ್ತಿದಳು. ಸಲೀಸಾಗಿ ಮೇಲೆ ಬಂತು. ಅವನ ಚೀಲ ನೋಡಿದಳು, ಹೊಲಿಗೆ ಬಿಡುವಂತೆ ಉಬ್ಬಿತ್ತು. ತನ್ನದನ್ನು ಕೆಳಗಿಟ್ಟಳು.

“ಇದರಲ್ಲಿ ಎಷ್ಟಿದೆ?”

“ಸರಿಯಾಗೇ ಇದೆ ಕಣೇ. ನಡಿ, ಹೊತ್ತಾಯ್ತು.”

“ಎಷ್ಟಿದೆ, ಡೆಲ್ಮರ್?”

ಅವನು ಅವಳ ತೂಗುಬಿದ್ದ ಬಲಗೈ ನೋಡಿದ. ಆಮೇಲೆ ಮುಖ ನೋಡಿದ.

“ನಿಂದು ಹದಿನೈದು ಪೌಂಡು. ನಂದು ಎಪ್ಪತ್ತು.”

“ಸರಿ,” ಎಂದಳು ಟ್ವೈಲಾ. ಚೀಲವನ್ನು ಎಡಭುಜಕ್ಕೇರಿಸಿ ಅವನಿಗಿಂತ ಮುಂದೆ ನಡೆದಳು.