ಕೌದಿ ಒಗೆಯುವ ದಿನದ ಗೂಡ್ಸ್ ಗಾಡಿ

ವರದಾ ನದಿಯ ರೈಲು ಸೇತುವೆಯ ಚರಿತ್ರೆಯನ್ನು ರೈಲ್ವೆಯವರು ಕಂಬ, ತೊಲೆಗಳ ಲೆಕ್ಕದಲ್ಲಿ ಬರೆದಿಟ್ಟಿರಬಹುದು. ಹಬ್ಬದ ಮುಂದೆ ಅದರ ಕೆಳಗೆ ಹೊದೆಯುವ ಕೌದಿಗಳನ್ನು ಒಗೆಯುವ ಸವಣೂರು ಸೀಮೆಯ ಹೆಂಗಸರ ಚರಿತ್ರೆಯೇ ಬೇರೆ. ಕಲ್ಲಿನ ಕಂಬ ಏಳುವಾಗ ಸುಣ್ಣ ಅರೆದವರು ನಮ್ಮ ಮುತ್ತಜ್ಜಿಯರು. ಆಮೇಲೆ ಸಣ್ಣ ಹಳಿ ಹೋಗಿ ದೊಡ್ಡ ಹಳಿ ಬಂತು. ಈಗ ಪಕ್ಕದಲ್ಲೇ ಇನ್ನೊಂದು ಸೇತುವೆ ಎದ್ದಿದೆ. ನಡುವೆ ಒಮ್ಮೆ, ನನ್ನ ಅತ್ತೆ ಶಾರವ್ವ ಹೊಸ ಸೊಸೆಯಾಗಿದ್ದಾಗ, ಕೆಂಪು ಕೌದಿಯನ್ನು ಸೇತುವೆಯ ಕಂಬಿಯ ಮೇಲೆ ಒಣಹಾಕಿದ್ದರು. ಕೆಂಪು ನಿಶಾನೆ ಎಂದುಕೊಂಡು ಡ್ರೈವರ್ ರೈಲನ್ನೇ ನಿಲ್ಲಿಸಿಬಿಟ್ಟ. ಇಳಿದು ಬಂದು ಬಾಯಿಗೆ ಬಂದಂತೆ ಬೈದು, ಕೊನೆಗೆ ರೊಟ್ಟಿ ತಿಂದು ಹೋದನಂತೆ.

ಈ ವರ್ಷ ಒಗೆಯಲು ಕೂತಾಗ ನಮ್ಮ ಓಣಿಯ ಖತೀಜಾಬಿಗೆ ಕೈಯೇ ಓಡಲಿಲ್ಲ. ಅಜ್ಜಿಯನ್ನು ದಾದಿ ಎಂದು ಕರೆಯುವ ಮೊಮ್ಮಗಳು ನುಜಹತ ರೈಲು ಓಡಿಸುವ ಕೆಲಸಕ್ಕೆ ಸೇರಿದಾಗ, ಹೆಣ್ಣುಮಗಳಿಗೆ ಇದೆಂಥ ಕೆಲಸವೆಂದು ಸಿಟ್ಟಾಗಿ ಮುದುಕಿ ಮಾತೇ ಬಿಟ್ಟಿದ್ದಳು. ಆ ಹುಡುಗಿ ಅಂದು ಮೊದಲ ಸಲ ನಮ್ಮ ಸೇತುವೆಯ ಮೇಲೆ ಗೂಡ್ಸ್ ಗಾಡಿ ತರುವವಳಿದ್ದಳು. ಸಿಟ್ಟೇನೋ ಇಳಿದಿತ್ತು, ಬಾಯಿಬಿಟ್ಟು ಹೇಳಲು ಜಂಬ ಅಡ್ಡ ಬರುತ್ತಿತ್ತು. ಮೊಮ್ಮಗಳು ತನ್ನನ್ನು ದಂಡೆಯಲ್ಲಿ ಕಂಡರೆ ಸಾಕು, ಎಲ್ಲ ತಿಳಿದುಕೊಳ್ಳುತ್ತಾಳೆ ಎಂಬುದು ಅವಳ ಆಸೆ.

"ಇಷ್ಟ ಮಂದ್ಯಾಗ ನಾ ಅಕಿಗೆ ಹೆಂಗ ಕಾಣ್ಲಿ?" ಎಂದಳು.

"ಕೌದಿ ಬೀಸೂಣೇನು?" ಎಂದರು ಅತ್ತೆ.

"ನಿನ್ನ ಕೌದಿ ಸಾಕವಾ! ಹುಡುಗಿ ನೌಕರಿ ಕಳೀತಿ. ಗಾಡಿ ಬಂದಕೂಡ್ಲೆ ನೀವೆಲ್ಲಾ ಕುಂದರ್ರಿ, ನಾ ಒಬ್ಬಾಕಿ ನಿಂದರ್ತೇನಿ."

ಒಪ್ಪಿ ಕೂತೆವು. ಆದರೆ ಎಂಜಿನ್ ಸೇತುವೆ ಏರಿದ್ದೇ ತಡ, ಕಿಟಕಿಯಲ್ಲಿ ನಮ್ಮ ಓಣಿಯ ಹುಡುಗಿಯ ಮುಖ ಕಂಡು ಯಾರಿಗೂ ತಡೆಯಲಾಗಲಿಲ್ಲ. ಎಲ್ಲರೂ ಎದ್ದು ಕೇಕೆ ಹಾಕಿದೆವು, ಕೈ ಬೀಸಿದೆವು. ಖುಷಿಗೆ ನನ್ನ ಕಣ್ಣು ತುಂಬಿ ಬಂದವು. ಕೊನೆಯ ಡಬ್ಬಿ ದಾಟಿದ ಮೇಲೆ ನೋಡಿದರೆ ಖತೀಜಾಬಿ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಿದ್ದಳು.

"ಹಾಳಾದವರ! ನಾನೂ ಅಕಿ ಮಾರಿ ನೋಡ್ಲಿಲ್ಲ, ಅಕೀನೂ ನನ್ನ ನೋಡ್ಲಿಲ್ಲ."

ನಮಗೆ ಮುಖ ಎತ್ತಲಾಗಲಿಲ್ಲ. ಮತ್ತೆ ಕೌದಿ ಹಿಂಡಲು ಕೂತೆವು. ಗಾಡಿ ಮುಂದಿನ ಸ್ಟೇಷನ್ನಿನಲ್ಲಿ ನಿಂತಿರಬೇಕು, ನನ್ನ ಫೋನು ಬಡಿದುಕೊಂಡಿತು. ನುಜಹತಳೇ. ಸ್ಪೀಕರ್ ಹಾಕಿ ಮುದುಕಿಯ ಒದ್ದೆ ಕೈಗೆ ಕೊಟ್ಟೆ.

"ದಾದಿ, ನೀ ಬಂದಿದ್ದಿ!" ಹುಡುಗಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಅಷ್ಟ ಮಂದ್ಯಾಗ ನನ್ನ ಹೆಂಗ ಗುರ್ತ ಹಿಡದಿ?"

"ಎಲ್ಲಾರೂ ನನ್ನ ಕಡೆ ಮಾರಿ ಮಾಡಿ ಕೈ ಬೀಸಾಕತ್ತಿದ್ರು. ನೀ ಒಬ್ಬಾಕಿ ನನಗ ಬೆನ್ನ ಮಾಡಿ ಅವರಿಗೆಲ್ಲಾ ಬೈಯಾಕತ್ತಿದ್ದಿ."